ಹೆಲಿಕಾಪ್ಟರ್ ನೆಲಕ್ಕಿಳಿದ ಮೇಲೆ

ಓದುಗರೇ, ವಿಮಾನ ಅಪಘಾತ ಎಂದೊಡನೆ ನಮ್ಮ ಮನಸ್ಸು ಆಕಾಶದತ್ತ ಹೋಗುತ್ತದೆ. ಯಂತ್ರ ನೆಲಕ್ಕಿಳಿಯಿತೆಂದರೆ ಗಂಡಾಂತರ ಕಳೆಯಿತು ಎಂದು ನಿಟ್ಟುಸಿರು ಬಿಡುತ್ತೇವೆ. ಒಳಗೆ ಕುಳಿತವರ ಪಾಲಿಗೆ ಅದು ನಿಜ. ಹೊರಗೆ ನಿಂತವರಿಗೆ ಮಾತ್ರ ಅಪಾಯ ಶುರುವಾಗುವುದೇ ಆಗ.

ಈ ತಿಳಿವಳಿಕೆ ವಿಮಾನ ನಿಲ್ದಾಣದ ನೌಕರರಿಗೆ ಮಾತ್ರ ಸಾಕೇ? ವಿಜಯಪುರದ ಹತ್ತಿರದ ಸಾರವಾಡದಂಥ ಊರನ್ನು ನೆನೆಯಿರಿ. ಚುನಾವಣೆಯ ಪ್ರಚಾರಕ್ಕೋ, ನೆರೆ ಪರಿಶೀಲನೆಗೋ ಇಂಥ ಊರಿಗೆ ಹೆಲಿಕಾಪ್ಟರ್ ಬಂದರೆ, ಅದು ಇಳಿಯುವುದು ಶಾಲೆಯ ಮೈದಾನದಲ್ಲಿ ಅಥವಾ ರಾಶಿ ಮುಗಿದ ಹೊಲದಲ್ಲಿ. ನೋಡಲು ಊರಿಗೆ ಊರೇ ಸೇರುತ್ತದೆ. ಎಲ್ಲರಿಗಿಂತ ಮುಂದೆ ಮಕ್ಕಳು ಓಡುತ್ತಾರೆ.

ಮೊದಲು ಗಾಳಿಯ ವಿಚಾರ ನೋಡೋಣ. ಹೆಲಿಕಾಪ್ಟರ್ ತನ್ನ ಭಾರವನ್ನು ಹೊರುವುದು ಗಾಳಿಯನ್ನು ಕೆಳಕ್ಕೆ ತಳ್ಳುವುದರ ಮೂಲಕ. ಎರಡೂವರೆ ಟನ್ ತೂಗುವ ಸಣ್ಣ ಹೆಲಿಕಾಪ್ಟರ್ ಗಾಳಿಯಲ್ಲಿ ನಿಂತಿರುವಾಗ, ಅದರ ರೆಕ್ಕೆಯಿಂದ ಕೆಳಗೆ ಸುರಿಯುವ ಗಾಳಿಯ ವೇಗ ಲೆಕ್ಕದ ಪ್ರಕಾರ ಗಂಟೆಗೆ ಸುಮಾರು 75 ಕಿಲೋಮೀಟರ್. ಈ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಡೋಣಿ ಸೀಮೆಯ ಎರೆ ಮಣ್ಣು ಬೇಸಿಗೆಯಲ್ಲಿ ಎಷ್ಟು ಧೂಳಾಗುತ್ತದೆಂಬುದು ನಿಮಗೆ ಗೊತ್ತು. ಧೂಳೆದ್ದರೆ ಪೈಲಟ್‌ಗೆ ನೆಲವೇ ಕಾಣಿಸದು. ಹೊಲದಲ್ಲಿ ಬಿಟ್ಟ ತಾಡಪತ್ರಿ, ಖಾಲಿ ಚೀಲ, ಜೋಳದ ಕಣಿಕೆ ಎಲ್ಲವೂ ಮೇಲೇಳುತ್ತವೆ. 2023ರ ಮಾರ್ಚ್ 6ರಂದು ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಮಾಜಿ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರ ಹೆಲಿಕಾಪ್ಟರ್ ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಪ್ಲಾಸ್ಟಿಕ್ ಹಾಳೆಗಳು ಹಾರಿಬಂದವು. ಪೈಲಟ್ ತಕ್ಷಣ ಮೇಲಕ್ಕೇರಿದರು. ಜಾಗವನ್ನು ಸ್ವಚ್ಛಗೊಳಿಸಿದ ಮೇಲೆ ಇಳಿಸಿದರು. ಹೀಗಾಗಿ ಮೈದಾನಕ್ಕೆ ನೀರು ಹೊಡೆಯುವುದು, ಕಸ ಆರಿಸುವುದು ಅತಿಥಿಯ ಮರ್ಯಾದೆಗಷ್ಟೇ ಮಾಡುವ ಕೆಲಸವಲ್ಲ, ಜೀವರಕ್ಷಣೆಯ ಕೆಲಸ.

ಇನ್ನು ರೆಕ್ಕೆಗಳು. ಮೇಲಿನ ದೊಡ್ಡ ರೆಕ್ಕೆ ಎಲ್ಲರಿಗೂ ಕಾಣುತ್ತದೆ. ಆದರೆ ಎಂಜಿನ್ ನಿಲ್ಲಿಸಿದ ಮೇಲೆ ಅದರ ವೇಗ ತಗ್ಗಿದಂತೆ ತುದಿಗಳು ಕೆಳಕ್ಕೆ ಬಾಗುತ್ತವೆ. ನೆಲ ಇಳಿಜಾರಾಗಿದ್ದರೆ ಏರಿನ ಕಡೆಯಿಂದ ಬರುವವನ ತಲೆಗೂ ರೆಕ್ಕೆಗೂ ಅಂತರವೇ ಉಳಿಯದು. ಇದಕ್ಕಿಂತ ಮೋಸದ್ದು ಬಾಲದ ಸಣ್ಣ ರೆಕ್ಕೆ. ಸಣ್ಣ ಹೆಲಿಕಾಪ್ಟರ್‌ಗಳಲ್ಲಿ ಅದು ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವುದರಿಂದ ಕಣ್ಣಿಗೆ ಕಾಣಿಸುವುದೇ ಇಲ್ಲ. ಹಲವು ಹೆಲಿಕಾಪ್ಟರ್‌ಗಳಲ್ಲಿ ಅದು ತಿರುಗುವುದು ಮನುಷ್ಯನ ಎತ್ತರದಲ್ಲೇ. 2023ರ ಏಪ್ರಿಲ್ 23ರಂದು ಕೇದಾರನಾಥದಲ್ಲಿ ವಿಮಾನಯಾನ ಇಲಾಖೆಗೇ ಸೇರಿದ ಅಧಿಕಾರಿಯೊಬ್ಬರು ಈ ರೆಕ್ಕೆಗೆ ಸಿಕ್ಕು ತೀರಿಕೊಂಡರು. ಬಲ್ಲವರಿಗೇ ಹೀಗಾದರೆ, ಮೊದಲ ಸಲ ನೋಡುವವರ ಗತಿಯೇನು?

ಹೆಲಿಕಾಪ್ಟರಿನ ಈ ಪಾಠ ವಿಮಾನಕ್ಕೂ ಸಲ್ಲುತ್ತದೆ. ವಿಜಯಪುರದ ಬುರಣಾಪುರ–ಮದಭಾವಿ ಬಳಿ ವಿಮಾನ ನಿಲ್ದಾಣದ ಕಾಮಗಾರಿಗೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ನಿಲ್ದಾಣವೆಂದರೆ ನೆಲದ ಮೇಲೆ ದುಡಿಯುವ ಕೆಲಸಗಾರರೂ ಬೇಕು. ನಮ್ಮ ಹುಡುಗರೂ ಆ ಕೆಲಸಕ್ಕೆ ಸೇರಬಹುದು. ವಿಮಾನ ತನ್ನಷ್ಟಕ್ಕೆ ಹಿಂದೆ ಸರಿಯುವುದಿಲ್ಲ. ಟ್ರ್ಯಾಕ್ಟರ್ ಅದನ್ನು ತಳ್ಳುತ್ತದೆ ಅಥವಾ ಎಳೆಯುತ್ತದೆ. ಏರ್‌ಬಸ್ ಎ–320 ವಿಮಾನದ ರೆಕ್ಕೆಗಳ ಹರವು 34 ಮೀಟರಿಗೂ ಹೆಚ್ಚು. ಟ್ರ್ಯಾಕ್ಟರ್ ನಡೆಸುವವನಿಗೆ ಆ ತುದಿಗಳೂ ಬಾಲವೂ ಸರಿಯಾಗಿ ಕಾಣವು. ಅದಕ್ಕೇ ಇಕ್ಕಟ್ಟಿನ ಜಾಗದಲ್ಲಿ ಎಳೆಯುವಾಗ ತುದಿಗಳ ಬಳಿ ಒಬ್ಬೊಬ್ಬರು ನಡೆಯುತ್ತ ಸನ್ನೆ ಮಾಡುತ್ತಾರೆ. ಟ್ರ್ಯಾಕ್ಟರನ್ನೂ ವಿಮಾನವನ್ನೂ ಕೂಡಿಸುವ ದಂಡವನ್ನು ಚಲಿಸುವಾಗ ಯಾರೂ ದಾಟಬಾರದು. ವಿಮಾನದ ಮೇಲೆ ಕೆಂಪು ದೀಪ ಮಿನುಗುತ್ತಿದ್ದರೆ ಎಂಜಿನ್ ಓಡುತ್ತಿದೆ ಅಥವಾ ಈಗಲೇ ಓಡಲಿದೆ ಎಂದು ತಿಳಿಯಬೇಕು. 2015ರ ಡಿಸೆಂಬರ್ 16ರಂದು ಮುಂಬಯಿಯಲ್ಲಿ, ವಿಮಾನವನ್ನು ಹಿಂದಕ್ಕೆ ತಳ್ಳುವ ಕೆಲಸದಲ್ಲಿದ್ದ ತಂತ್ರಜ್ಞರೊಬ್ಬರನ್ನು ಎಂಜಿನ್ ಒಳಗೆಳೆದುಕೊಂಡಿತು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ನಿಲ್ದಾಣದಲ್ಲಿ ಟೆಂಪೋ ಟ್ರಾವೆಲರ್ ಒಂದು ಸುಮ್ಮನೆ ನಿಂತಿದ್ದ ವಿಮಾನದ ಅಡಿಗೇ ನುಗ್ಗಿತು.

ಈ ಘಟನೆಗಳಿಂದ ಕಲಿಯಬೇಕಾದ ಸೂತ್ರ ಒಂದೇ: ನಡೆಸುವವನ ಕಣ್ಣಿಗೆ ಬೀಳದ ಜಾಗದಲ್ಲಿ ನಿಲ್ಲಬೇಡಿ, ಅವನು ಸನ್ನೆ ಮಾಡದೆ ಹತ್ತಿರ ಹೋಗಬೇಡಿ. ಕುದುರೆಯ ಹಿಂದೆ ಸುಳಿಯಬಾರದು, ಕಬ್ಬಿನ ಟ್ರೇಲರ್ ಹಿಂದಕ್ಕೆ ಬರುವಾಗ ಅತ್ತ ಹೋಗಬಾರದು ಎಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು. ಇದೂ ಅದೇ ಬುದ್ಧಿ. ಕರೆದರೆ ಮಾತ್ರ, ಮುಂಭಾಗದಿಂದ, ತಗ್ಗಿನ ಕಡೆಯಿಂದ, ಬಗ್ಗಿಕೊಂಡು ಹೋಗಿ. ಬಾಲದ ಕಡೆ ಯಾವ ಕಾರಣಕ್ಕೂ ಬೇಡ. ಟೋಪಿ, ಟವೆಲ್, ಸೆರಗು ಗಾಳಿಗೆ ಹಾರದಂತೆ ಬಿಗಿಯಾಗಿರಲಿ. ಹಾರಿಹೋದ ಟೋಪಿಯ ಬೆನ್ನು ಹತ್ತಬೇಡಿ. ಬಾವುಟದ ಕೋಲು, ಕೊಡೆ ಮೇಲೆತ್ತಬೇಡಿ. ನಮ್ಮ ಕ್ಯಾಮೆರಾದವರಿಗೂ ಮೊಬೈಲ್ ಹಿಡಿದವರಿಗೂ ಇನ್ನೊಂದು ಮಾತು: ಚಿತ್ರ ನೋಡುತ್ತ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ.

ಕೊನೆಯ ಮಾತು ಸಂಘಟಕರಿಗೆ. ಹಾರ ತುರಾಯಿ, ಡೊಳ್ಳು, ಘೋಷಣೆ ಎಲ್ಲವೂ ಇರಲಿ. ಆದರೆ ಬೇಲಿಯ ಆಚೆ, ವೇದಿಕೆಯ ಹತ್ತಿರ ಇರಲಿ. ಅತಿಥಿಗಳು ನೂರಿನ್ನೂರು ಹೆಜ್ಜೆ ನಡೆದು ಬಂದರೆ ಅವರ ಗೌರವಕ್ಕೇನೂ ಕುಂದಿಲ್ಲ. ರೆಕ್ಕೆ ಪೂರ್ತಿ ನಿಲ್ಲುವವರೆಗೆ ಹಗ್ಗ ಬಿಚ್ಚಬೇಡಿ. ಊರಿನ ಹಿರಿಯರು ಹಗ್ಗದ ಹಿಂದೆ ತಾಳ್ಮೆಯಿಂದ ನಿಂತರೆ ಮಕ್ಕಳೂ ನಿಲ್ಲುತ್ತಾರೆ.