ಮನೆಯ ಮಲಗುಂಡಿ, ಕುಡಿಯುವ ನೀರು
(ದೇವರಾಯನದುರ್ಗದ ತಪ್ಪಲಿನ ದಂಪತಿಗಳಿಗಾಗಿ ಭಾಷಣ)



ದೇವರಾಯನದುರ್ಗಕ್ಕೆ ಬಂದವರು ನಾಮದ ಚಿಲುಮೆಯನ್ನು ನೋಡದೆ ಹಿಂದಿರುಗುವುದು ಅಪರೂಪ. ಶ್ರೀರಾಮನು ಹಣೆಗೆ ನಾಮವಿಡಲು ನೀರಿಲ್ಲದೆ ಬಾಣದಿಂದ ಬಂಡೆಯನ್ನು ಭೇದಿಸಿದನೆಂದೂ, ಆಗ ಚಿಮ್ಮಿದ ನೀರೇ ಈ ಚಿಲುಮೆಯೆಂದೂ ಹಿರಿಯರು ಹೇಳುತ್ತಾರೆ. ಈ ಚಿಲುಮೆ ನಮಗೊಂದು ಪಾಠವನ್ನೂ ಕಲಿಸುತ್ತದೆ. ಬಂಡೆ ಹೊರಗೆ ಎಷ್ಟೇ ಗಟ್ಟಿಯಾಗಿ ಕಂಡರೂ ಅದರೊಳಗೆ ಬಿರುಕುಗಳಿವೆ; ಆ ಬಿರುಕುಗಳಲ್ಲಿ ನೀರು ಸಂಚರಿಸುತ್ತದೆ. ನಮ್ಮ ಕೊಳವೆಬಾವಿಗಳಿಗೆ ನೀರು ಬರುವುದೂ ಇದೇ ದಾರಿಯಿಂದ. ಹಿತ್ತಲಿನ ಮಲಗುಂಡಿಯಿಂದ ಸೋರಿದ ಕೊಳಕಿಗೂ ಅದೇ ದಾರಿ ತೆರೆದಿದೆ. ಮಣ್ಣು ಕೊಳಕನ್ನು ಬಹುಮಟ್ಟಿಗೆ ಸೋಸುತ್ತದೆ. ಬಂಡೆಯ ಬಿರುಕು ಸೋಸುವುದಿಲ್ಲ. ಮಕ್ಕಳ ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆಗಳು ಇಂತಹ ನೀರಿನಿಂದ ಹರಡುತ್ತವೆ.

ಆದುದರಿಂದ ಶೌಚಾಲಯವನ್ನು ಕಟ್ಟಿಸಿದೊಡನೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸಬಾರದು. ಸೆಪ್ಟಿಕ್ ಟ್ಯಾಂಕು ಮಲವನ್ನು ಸಂಪೂರ್ಣವಾಗಿ ನಾಶಮಾಡುವುದಿಲ್ಲ. ಭಾರವಾದುದು ತಳದಲ್ಲಿ ಕೆಸರಾಗಿ ನಿಲ್ಲುತ್ತದೆ, ಹಗುರವಾದುದು ಮೇಲೆ ಕೆನೆಗಟ್ಟುತ್ತದೆ, ನಡುವಿನ ನೀರು ಇಂಗುಗುಂಡಿಗೆ ಹರಿಯುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೆಸರಿನ ಒಂದು ಭಾಗವನ್ನು ಕರಗಿಸುತ್ತವೆಯಾದರೂ ಉಳಿದುದು ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುತ್ತದೆ. ತೆಗೆಸದೆ ಬಿಟ್ಟರೆ ಕೆಸರು ಇಂಗುಗುಂಡಿಗೆ ನುಗ್ಗಿ ಅದನ್ನು ಕಟ್ಟಿಬಿಡುತ್ತದೆ. ಕೊಳಕು ನೀರು ಅಂಗಳಕ್ಕೆ ಉಕ್ಕುತ್ತದೆ.

ಇದನ್ನು ತಡೆಯಲು ಕೆಲವು ನಿಯಮಗಳನ್ನು ಪಾಲಿಸಿರಿ. ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರು, ಎಂದರೆ ಸುಮಾರು 60 ಅಡಿ ದೂರದಲ್ಲಿರಬೇಕು. ಬಂಡೆಯ ನೆಲದಲ್ಲಿ ಇನ್ನೂ ಹೆಚ್ಚು ದೂರವಿರುವುದು ಲೇಸು. ಅದು ಬಾವಿಗಿಂತ ಇಳಿಜಾರಿನ ಕಡೆಗಿರಲಿ. ಬಟ್ಟೆ, ಪ್ಲಾಸ್ಟಿಕ್, ಬೂದಿ, ತೆಂಗಿನ ನಾರುಗಳನ್ನು ಶೌಚಾಲಯಕ್ಕೆ ಹಾಕಬೇಡಿ. ಆಸಿಡ್ಡನ್ನೂ ಅತಿಯಾಗಿ ಫಿನಾಯಿಲನ್ನೂ ಸುರಿದರೆ ಉಪಕಾರಿಯಾದ ಸೂಕ್ಷ್ಮಜೀವಿಗಳು ಸಾಯುತ್ತವೆ. ಮಳೆಯ ನೀರನ್ನು ಟ್ಯಾಂಕಿಗೆ ಬಿಡಬೇಡಿ. ಗಾಳಿಕೊಳವೆಯ ಬಾಯಿಗೆ ಸೊಳ್ಳೆ ಹೋಗದಂತೆ ಜಾಲರಿ ಕಟ್ಟಿರಿ. ಯಾವುದೋ ಪುಡಿಯನ್ನು ಹಾಕಿದರೆ ಕೆಸರನ್ನು ತೆಗೆಸುವ ಅಗತ್ಯವೇ ಇಲ್ಲವೆಂಬ ಮಾತನ್ನು ನಂಬಬೇಡಿ.

ಸಾಮಾನ್ಯವಾಗಿ 2-3 ವರ್ಷಗಳಿಗೊಮ್ಮೆ ಕೆಸರನ್ನು ತೆಗೆಸತಕ್ಕದ್ದು. ತೆಗೆಸಿದ ದಿನವನ್ನು ಗೋಡೆಯ ಮೇಲೆ ಬರೆದಿಡಿ. ನೀರು ನಿಧಾನವಾಗಿ ಇಳಿಯುವುದನ್ನು, ದುರ್ವಾಸನೆ ಏಳುವುದನ್ನು ಅನೇಕ ವೇಳೆ ಮೊದಲು ಗಮನಿಸುವವಳು ಗೃಹಿಣಿ. ಆಕೆ ಹೇಳಿದಾಗ 'ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ' ಎಂದು ಯಜಮಾನರು ಮುಂದೂಡಬಾರದು. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಕೆಸರನ್ನು ಹೀರುವ ಯಂತ್ರದ ವಾಹನವನ್ನೇ ಕರೆಸಿರಿ. ಹೀರಿದ ಕೆಸರನ್ನು ಹಳ್ಳಕ್ಕಾಗಲಿ ಕೆರೆಗಾಗಲಿ ಹಸಿಯಾಗಿ ಹೊಲಕ್ಕಾಗಲಿ ಸುರಿಯಲು ಬಿಡಬೇಡಿ. ಜಯಮಂಗಲಿ ಮತ್ತು ಶಿಂಷಾ ನದಿಗಳೆರಡೂ ಈ ಬೆಟ್ಟದಲ್ಲಿಯೇ ಹುಟ್ಟುತ್ತವೆ. ನಾವು ಇಲ್ಲಿ ಕೆಡಿಸಿದ ನೀರನ್ನು ಕೆಳಗಿನ ಊರುಗಳ ತಾಯಂದಿರು ತುಂಬಿಕೊಳ್ಳುತ್ತಾರೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಹಣ ಉಳಿಯುತ್ತದೆಂದು ಟ್ಯಾಂಕಿನೊಳಗೆ ನೀವು ಇಳಿಯಬೇಡಿ. ಕೂಲಿ ಕೊಟ್ಟು ಬೇರೊಬ್ಬರನ್ನೂ ಇಳಿಸಬೇಡಿ. ಒಳಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಸೇರಿರುತ್ತದೆ. ಅದು ಹೆಚ್ಚಿದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ; ಇಳಿದವನು ಕೂಗುವ ಮೊದಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಅಣ್ಣ ಇಳಿಯುತ್ತಾನೆ, ಅಣ್ಣನನ್ನು ಎತ್ತಲು ನೆರೆಯವನು ಇಳಿಯುತ್ತಾನೆ. ಹೀಗೆ ಒಂದೇ ಗುಂಡಿಯಲ್ಲಿ ಎರಡು ಮೂರು ಜೀವಗಳು ಹೋಗುವುದುಂಟು. ಯಾರಾದರೂ ಬಿದ್ದರೆ ಹಿಂದೆಯೇ ಇಳಿಯದೆ ಕೂಡಲೇ 112ಕ್ಕೆ ಕರೆ ಮಾಡಿರಿ. ಅಲ್ಲಿ ಮೀಥೇನ್ ಅನಿಲವೂ ಇರುವುದರಿಂದ ತೆರೆದ ಮುಚ್ಚಳದ ಬಳಿ ಬೀಡಿ ಹಚ್ಚಬಾರದು, ದೀಪವನ್ನೂ ಹಿಡಿಯಬಾರದು. ಮುಚ್ಚಳ ತೆರೆದಿರುವಾಗ ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.

ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಟ್ಯಾಂಕಿಗೆ ಇಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ. ಮೊದಲ ತಪ್ಪಿಗೇ 2 ವರ್ಷಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಆದರೆ ಶಿಕ್ಷೆಯ ಭಯಕ್ಕಿಂತ ದೊಡ್ಡ ಮಾತೊಂದಿದೆ. ಕೂಲಿಗಾಗಿ ಇಳಿಯುವವನಿಗೂ ಮನೆಯಿದೆ, ಸಂಜೆ ಅವನ ದಾರಿಯನ್ನು ಕಾಯುವ ಹೆಂಡತಿ ಮಕ್ಕಳಿದ್ದಾರೆ.

ದಂಪತಿಗಳೇ, ಮಕ್ಕಳಿಗೆ ಊಟ, ಬಟ್ಟೆ, ವಿದ್ಯೆಗಳನ್ನು ಒದಗಿಸಲು ನೀವಿಬ್ಬರೂ ಶ್ರಮಿಸುತ್ತೀರಿ. ಶುದ್ಧವಾದ ನೀರೂ ಅವರಿಗೆ ನೀವು ಕೊಡಬೇಕಾದ ಆಸ್ತಿಯೇ. ಇಂದು ರಾತ್ರಿ ಊಟವಾದ ಮೇಲೆ ಇಬ್ಬರೂ ಕುಳಿತು, ನಮ್ಮ ಟ್ಯಾಂಕನ್ನು ಕಡೆಯ ಸಲ ತೆಗೆಸಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಿರಿ. ನೆನಪಿಗೆ ಬಾರದಿದ್ದರೆ, ಅದನ್ನು ತೆಗೆಸುವ ಕಾಲ ಬಂದಿದೆಯೆಂದೇ ತಿಳಿಯಿರಿ.