ಚೋಮನಿಗೆ ಸಿಗದ ಗದ್ದೆ

‘ಕೂಲಿಯವರಿಗೆ ಕೆಲಸದ ಮೇಲೆ ಮನಸ್ಸಿಲ್ಲ, ಕೈಗೆ ಬಂದದ್ದೆಲ್ಲ ಹೆಂಡಕ್ಕೆ’ ಎಂಬ ಮಾತು ನಮ್ಮ ಊರುಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಕೇಳಿದಾಗಲೆಲ್ಲ ನನಗೆ ಶಿವರಾಮ ಕಾರಂತರ ‘ಚೋಮನ ದುಡಿ’ ನೆನಪಾಗುತ್ತದೆ. 1933ರಲ್ಲಿ ಪ್ರಕಟವಾದ ಸಣ್ಣ ಕಾದಂಬರಿ ಅದು.

ಅದರ ನಾಯಕ ಚೋಮನೂ ಕುಡಿಯುತ್ತಾನೆ. ಕಾರಂತರು ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ಚೋಮ, ಕಾಡಿನಲ್ಲಿ ಸಿಕ್ಕ ಎರಡು ಕರುಗಳನ್ನು ಸಾಕಿ ಎತ್ತು ಮಾಡಿದ್ದಾನೆ. ಎಷ್ಟೇ ಕಷ್ಟ ಬಂದರೂ ಮಾರಲೊಲ್ಲ. ಒಂದು ತುಂಡು ಗದ್ದೆ ಗೇಣಿಗೆ ಸಿಕ್ಕರೆ ತಾನೇ ಉತ್ತು ಬಿತ್ತಬೇಕು; ಬದುಕಿಡೀ ಅವನಿಗೆ ಇದೊಂದೇ ಆಸೆ. ದುಡಿಯುವ ಹಂಬಲಕ್ಕೆ ಇನ್ನೇನು ಸಾಕ್ಷಿ ಬೇಕು? ಅಸ್ಪೃಶ್ಯನೆನಿಸಿಕೊಂಡವನು ಬೇಸಾಯಗಾರ ಆಗಕೂಡದು ಎಂಬ ಕಟ್ಟಳೆ ಅವನಿಗೆ ಅಡ್ಡ ನಿಂತಿತು. ಧಣಿ ಸಂಕಪ್ಪಯ್ಯ ಕ್ರೂರಿಯಲ್ಲ. ಗದ್ದೆ ಕೊಡೋಣವೇ ಎಂದು ಅವರ ಮನಸ್ಸು ತುಯ್ಯುತ್ತದೆ, ಬೇಡವೆನ್ನುವ ತಾಯಿಯ ಮಾತಿಗೆ ಸೋಲುತ್ತದೆ. ನನ್ನನ್ನು ಹೆಚ್ಚು ಕಾಡುವುದು ಈ ಭಾಗವೇ. ಒಡೆಯನ ಮರುಕವನ್ನು ನಂಬಿ ನಿಂತ ಆಸೆ, ಆ ಮರುಕ ಹಿಂಜರಿದ ದಿನವೇ ಸತ್ತಿತು.

ಇನ್ನು ಸಾಲ. ಘಟ್ಟದ ಕಾಫಿ ತೋಟದ ಸಾಲ ತೀರಿಸಲು ಚೋಮನ ಮಕ್ಕಳು ಮೈಮುರಿದು ದುಡಿಯುತ್ತಾರೆ. ಹಿರಿಯ ಮಗ ಜ್ವರಕ್ಕೆ ಬಲಿಯಾಗುತ್ತಾನೆ. ದುಡಿದಷ್ಟೂ ಸಾಲ ಅಲ್ಲೇ ಇರುತ್ತದೆ. ಲೆಕ್ಕದ ಪುಸ್ತಕ ತೋಟದವರ ಕೈಯಲ್ಲಿ. ಕೊನೆಗೆ ಸಾಲ ಚುಕ್ತಾ ಆದದ್ದು ಮಗಳು ಬೆಳ್ಳಿ ತನ್ನ ಮಾನವನ್ನೇ ತೆರಬೇಕಾಗಿ ಬಂದಾಗ. ಎಲ್ಲ ಕಳೆದುಕೊಂಡ ಚೋಮ ಎತ್ತುಗಳನ್ನು ಕಾಡಿಗೆ ಅಟ್ಟಿ, ದುಡಿ ಬಾರಿಸುತ್ತಲೇ ಪ್ರಾಣ ಬಿಡುತ್ತಾನೆ. ದುಡಿದವನಿಗೆ ಫಲ ಸಿಗದಂತೆ ಏರ್ಪಾಡು ಮಾಡಿ, ಆಮೇಲೆ ಅವನನ್ನೇ ಸೋಮಾರಿ ಎನ್ನುವುದು ಅನ್ಯಾಯದ ಮೇಲೆ ಇನ್ನೊಂದು ಅನ್ಯಾಯ.

ಕಾಲ ಬದಲಾಗಿದೆ, ನಿಜ. 1974ರ ಭೂಸುಧಾರಣೆ ನಮ್ಮ ರಾಜ್ಯದಲ್ಲಿ ಉಳುವ ಗೇಣಿದಾರನನ್ನೇ ಒಡೆಯನನ್ನಾಗಿ ಮಾಡಿತು. ಕರಾವಳಿಯ ಎಷ್ಟೋ ಮನೆಗಳು ಅದರಿಂದ ತಲೆಯೆತ್ತಿ ನಿಂತವು. ಆದರೆ ಗೇಣಿಯೇ ಸಿಗದ ಚೋಮನಂಥವರು ಒಡೆತನ ಕೋರುವ ಅರ್ಜಿಯಲ್ಲಿ ಯಾವ ಗದ್ದೆಯ ಹೆಸರು ಬರೆಯಬೇಕಿತ್ತು? 1976ರಲ್ಲಿ ಜೀತವನ್ನು ರದ್ದುಮಾಡುವ ಕಾಯ್ದೆಯೂ ಬಂತು. ಹಾಗಿದ್ದರೂ ಇಟ್ಟಿಗೆ ಗೂಡುಗಳಲ್ಲಿ, ಕಬ್ಬು ಕಡಿಯುವ ಗುಂಪುಗಳಲ್ಲಿ ಮುಂಗಡದ ಹಣ ಇಂದಿಗೂ ಮನುಷ್ಯರನ್ನು ಕಟ್ಟಿಹಾಕುತ್ತಿದೆ.

ನೀವೂ ಯಾರಿಗಾದರೂ ಮುಂಗಡ ಕೊಟ್ಟು ದುಡಿಸಿಕೊಳ್ಳುತ್ತಿದ್ದರೆ, ದಯವಿಟ್ಟು ಇವತ್ತೇ ಅವರನ್ನು ಕೂರಿಸಿಕೊಂಡು ಲೆಕ್ಕ ಓದಿ ಹೇಳಿ. ಎಷ್ಟು ಕೊಟ್ಟಿರಿ, ಎಷ್ಟು ದುಡಿದರು, ಇನ್ನೆಷ್ಟು ಉಳಿದಿದೆ ಎಂಬುದು ಅವರ ಕೈಯಲ್ಲೂ ಬರಹದಲ್ಲಿರಲಿ.