ರಾತ್ರಿಯ ಗಾಳಿಯಲ್ಲಿ ಬೆಳೆಯುವ ಕಣಗಳು
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕಡೆಯ ಮಕ್ಕಳು ದೆಹಲಿಯ ಜಾಮಿಯಾ ಮಿಲ್ಲಿಯಾಕ್ಕೆ ಓದಲು ಹೋಗುತ್ತಾರೆ. ಚಳಿಗಾಲದಲ್ಲಿ ಕೆಮ್ಮು ಎಂದು ಫೋನು ಮಾಡಿದರೆ, "ರಾತ್ರಿ ಕಿಟಕಿ ತೆರೆದು ಮಲಗು, ಫಜರ್ ನಮಾಜಿನ ನಂತರ ಒಂದು ಸುತ್ತು ನಡೆದು ಬಾ" ಎಂದು ಮನೆಯವರು ಬುದ್ಧಿ ಹೇಳುತ್ತಾರೆ. ನಮ್ಮ ಹಳ್ಳಿಗೆ ಒಪ್ಪುವ ಮಾತು. ದೆಹಲಿಯ ಜನವರಿಗೆ ಒಪ್ಪುವುದಿಲ್ಲ.

2.5 ಮೈಕ್ರೋಮೀಟರಿಗಿಂತ ಚಿಕ್ಕ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲು ಎನ್ನಿ. ಇವೆಲ್ಲ ಧೂಳಾಗಿಯೇ ಬಂದವಲ್ಲ. ಎಷ್ಟೋ ಕಣಗಳು ಅನಿಲಗಳಿಂದ ಗಾಳಿಯಲ್ಲೇ ಹುಟ್ಟಿ ಬೆಳೆಯುತ್ತವೆ. ಸಾಮಾನ್ಯವಾಗಿ ಈ ಕೆಲಸಕ್ಕೆ ಬಿಸಿಲು ಬೇಕು. ಕತ್ತಲಲ್ಲಿ ಓಜೋನ್ ಸ್ವಲ್ಪಮಟ್ಟಿಗೆ ಆ ಕೆಲಸ ನಡೆಸಬಲ್ಲದು. ಆದರೆ ದೆಹಲಿಯ ಚಳಿಗಾಲದ ರಾತ್ರಿಗಳಲ್ಲಿ ಹೊಗೆಯ ನೈಟ್ರಿಕ್ ಆಕ್ಸೈಡ್ ಆ ಓಜೋನನ್ನೂ ತಿಂದುಹಾಕುತ್ತದೆ. ಆದರೂ ಕಣಗಳು ಬೆಳೆಯುತ್ತವೆ. ಹೇಗೆ?

ಕಾನ್ಪುರ ಐಐಟಿಯ ಪ್ರೊ. ಸಚ್ಚಿದಾನಂದ ತ್ರಿಪಾಠಿ ಮತ್ತು ಸಂಗಡಿಗರು 2019ರ ಚಳಿಗಾಲದಲ್ಲಿ ದೆಹಲಿಯಲ್ಲೇ ಅಳತೆ ಮಾಡಿ, 2023ರಲ್ಲಿ ಉತ್ತರ ಪ್ರಕಟಿಸಿದರು. ಸೌದೆ, ಬೆರಣಿ, ಕಸ ಸುಟ್ಟ ಹೊಗೆಯಲ್ಲಿ ಸಾವಯವ ಆವಿಗಳಿರುತ್ತವೆ. ಸೂರ್ಯ ಮುಳುಗಿ ಚಳಿ ಏರಿದಂತೆ ಈ ಆವಿಗಳು ಪುಟ್ಟ ಕಣಗಳ ಮೇಲೆ ಕೂಡುತ್ತವೆ, ಅನ್ನದ ಪಾತ್ರೆಯ ಮುಚ್ಚಳದಡಿ ಹನಿ ಕೂಡುವಂತೆ. ಕಣ ದಪ್ಪವಾಗುತ್ತದೆ. ನೆಲದ ಬಳಿಯ ತಂಪು ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತಿರುವುದರಿಂದ ಹೊಗೆ ಮೇಲೇರಿ ಹೋಗಲಾರದು.

ಇನ್ನೊಂದಿದೆ. ಪ್ಲಾಸ್ಟಿಕ್ ಸುಟ್ಟಾಗ, ಕೆಲವು ಕಾರ್ಖಾನೆಗಳಿಂದಲೂ, ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬರುತ್ತದೆ. ಅದು ಅಮೋನಿಯಾದೊಡನೆ ಸೇರಿದರೆ ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರ. ಕಲಾಯಿ ಹಾಕುವ ಸಾಬರು ಕಾದ ಪಾತ್ರೆಗೆ ಉಜ್ಜಿದಾಗ ಬಿಳಿ ಹೊಗೆ ಏಳುವುದನ್ನು ಹಿರಿಯರು ನೋಡಿರುತ್ತೀರಿ, ಅದೇ ವಸ್ತು! ಚಳಿ, ತೇವ ಹೆಚ್ಚಿದ ನಸುಕಿನಲ್ಲಿ ಈ ಕಣ ನೀರು ಹೀರಿ ಉಬ್ಬುತ್ತದೆ. ಎದುರಿನ ರಸ್ತೆ ಕಾಣದಷ್ಟು ಮಬ್ಬು ಕವಿಯುವುದರಲ್ಲಿ ಇದರ ಪಾಲು ದೊಡ್ಡದೆಂದು ಮದ್ರಾಸ್ ಐಐಟಿಯವರ 2021ರ ಅಧ್ಯಯನ ತೋರಿಸಿತು.

ಈ ಬೆಂಕಿ ಹಚ್ಚುವವರಲ್ಲಿ ರಾತ್ರಿ ಕಾವಲುಗಾರರಿದ್ದಾರೆ, ಫುಟ್‌ಪಾತಿನಲ್ಲಿ ಮಲಗುವ ಕೂಲಿಗಳಿದ್ದಾರೆ. ಕೈಗೆ ಸಿಕ್ಕಿದ್ದನ್ನು ಸುಡುತ್ತಾರೆ, ಮೊದಲು ಆ ಹೊಗೆ ಕುಡಿಯುವವರೂ ಅವರೇ. ಕಾವಲುಗಾರರಿಗೆ ವಿದ್ಯುತ್ ಹೀಟರ್ ಕೊಡಬೇಕೆಂದು ದೆಹಲಿಯ ಬಡಾವಣೆ ಸಂಘಗಳಿಗೆ ಸೂಚನೆ ಇದೆ. ಸರಿಯಾದ ಸೂಚನೆ. ಫುಟ್‌ಪಾತಿನವನಿಗೆ ಹೀಟರ್ ಕೊಡಲು ಯಾವ ಸಂಘವಿದೆ? ಅವನಿಗೆ ಬೆಚ್ಚನೆಯ ರಾತ್ರಿ ತಂಗುದಾಣ ಒದಗಿಸದೆ ಬೆಂಕಿ ಆರಿಸಲು ಹೋಗುವುದು ನನಗೆ ನ್ಯಾಯವೆನಿಸುವುದಿಲ್ಲ.

ದೆಹಲಿಯಲ್ಲಿರುವ ಮಕ್ಕಳಿಗೆ ಇನ್ನು ಫೋನು ಮಾಡಿದಾಗ ಹೀಗೆ ಹೇಳಿ: ಮಬ್ಬು ಕವಿದ ರಾತ್ರಿ ಕಿಟಕಿ ಮುಚ್ಚಿರಲಿ, ಆದರೆ ಕೋಣೆಯೊಳಗೆ ಕೆಂಡ ಇಟ್ಟುಕೊಳ್ಳಲೇಬೇಡಿ, ಅದರ ವಿಷಾನಿಲ ಪ್ರಾಣ ತೆಗೆಯುತ್ತದೆ. ನಡೆಯುವುದಿದ್ದರೆ ಬಿಸಿಲೇರಿದ ಮೇಲೆ, ಅಸರ್‌ಗೆ ಮುಂಚೆ ನಡೆಯಿರಿ.